ಡಿಸ್ಕವರ್ ಪಾಸ್: ಕಾರು ನಿಲ್ಲಿಸಿದ ನೆಲ ಯಾರದು?

ಪ್ರಶ್ನೆ: ನಾವು ಸಿಯಾಟಲ್ ಹತ್ತಿರದ ಬಾತೆಲ್‌ನಲ್ಲಿದ್ದೇವೆ. ಮನೆಯಲ್ಲಿ ಎರಡು ಕಾರು, ಆರು ವರ್ಷದ ಮಗಳು. ಜೂನ್‌ನಲ್ಲಿ ಅಪ್ಪ ಅಮ್ಮ ಶಿವಮೊಗ್ಗದಿಂದ ಬಂದು ಬೇಸಿಗೆ ಮುಗಿಯುವವರೆಗೆ ಇರುತ್ತಾರೆ. ಅಪ್ಪನಿಗೆ ಮೊಣಕಾಲು ನೋವು. ಏರು ಹತ್ತಲಾರರು, ಸಮತಟ್ಟಾದ ದಾರಿಯಾದರೆ ಒಂದು ಗಂಟೆ ನಡೆಯುತ್ತಾರೆ. ಅವರನ್ನು ವಾರಾಂತ್ಯಗಳಲ್ಲಿ ಹತ್ತಿರದ ಪಾರ್ಕುಗಳಿಗೆ ಕರೆದೊಯ್ಯುವ ಯೋಚನೆ. ರಾಜ್ಯದ ಪಾರ್ಕು, ಕಾಡುಗಳಲ್ಲಿ ಕಾರು ನಿಲ್ಲಿಸಲು ಬೇಕಾದ ಡಿಸ್ಕವರ್ ಪಾಸ್ ಬೆಲೆ ಈಗ ವರ್ಷಕ್ಕೆ 45 ಡಾಲರ್ ಆಗಿದೆ. "ಕಾರಿನ ಟ್ಯಾಬ್ (ನೋಂದಣಿ) ನವೀಕರಿಸುವಾಗಲೇ ಪಾರ್ಕಿಗೆಂದು 5 ಡಾಲರ್ ಕಟ್ಟಿರುತ್ತೀರಿ, ಮತ್ತೆ ಪಾಸ್ ಏಕೆ?" ಎಂದು ಸಹೋದ್ಯೋಗಿಯೊಬ್ಬರು ಹೇಳಿದ್ದರು. ಅದನ್ನು ನಂಬಿ ಕಳೆದ ಭಾನುವಾರ ಮೌಂಟ್ ಸೈ ಹತ್ತಲು ಹೋದೆವು. ಇಳಿದು ಬರುವಷ್ಟರಲ್ಲಿ ಕಾರಿನ ಗಾಜಿನ ಮೇಲೆ 99 ಡಾಲರ್ ದಂಡದ ಚೀಟಿ! ಇನ್ನೊಬ್ಬ ಸ್ನೇಹಿತರು "80 ಡಾಲರಿನ ರಾಷ್ಟ್ರೀಯ ಪಾಸ್ ತೆಗೆದುಕೊಂಡರೆ ಎಲ್ಲ ಕಡೆಯೂ ನಡೆಯುತ್ತದೆ" ಎನ್ನುತ್ತಾರೆ. ನಾನು ಎಚ್‌-1ಬಿ ವೀಸಾದಲ್ಲಿದ್ದೇನೆ. ಈ ದಂಡದಿಂದ ಮುಂದೆ ತೊಂದರೆಯಾದೀತೇ ಎಂದು ಹೆಂಡತಿಗೆ ಗಾಬರಿ. ಪಾಸ್ ತೆಗೆದುಕೊಳ್ಳಬೇಕೇ? ಯಾವುದನ್ನು? ಅಪ್ಪ ಅಮ್ಮನನ್ನು ಎಲ್ಲಿಗೆ ಕರೆದೊಯ್ಯಲಿ?

ಉತ್ತರ: ಮೊದಲು ದಂಡದ ವಿಷಯ, ಏಕೆಂದರೆ ಅದಕ್ಕೆ ಗಡುವಿದೆ. ದಿನಗಳು ಓಡುತ್ತವೆ ಎಂದು ಈ ಭಾಗವನ್ನು ನಿಮಗೆ ಆಗಲೇ ಇಮೇಲ್ ಮಾಡಿದ್ದೇನೆ. ಇದೇ ಚೀಟಿ ಕೈಯಲ್ಲಿ ಹಿಡಿದು ಕುಳಿತಿರುವ ಉಳಿದವರಿಗಾಗಿ ಇಲ್ಲಿ ಮತ್ತೊಮ್ಮೆ ಬರೆಯುತ್ತೇನೆ.

ವಾಷಿಂಗ್ಟನ್ ರಾಜ್ಯದ ಕಾನೂನಿನಂತೆ ಪಾಸ್ ತೋರಿಸದೆ ಕಾರು ನಿಲ್ಲಿಸಿದರೆ ದಂಡ 99 ಡಾಲರ್. ಆದರೆ ಚೀಟಿ ಕೊಟ್ಟ 15 ದಿನಗಳೊಳಗೆ ವಾರ್ಷಿಕ ಡಿಸ್ಕವರ್ ಪಾಸ್ ಕೊಂಡು, ಅದರ ರಸೀದಿಯನ್ನು ನ್ಯಾಯಾಲಯಕ್ಕೆ ತೋರಿಸಿದರೆ ದಂಡ 59 ಡಾಲರಿಗೆ ಇಳಿಯುತ್ತದೆ. ಲೆಕ್ಕ ಹಾಕಿ ನೋಡಿ. ಪಾಸ್ ಕೊಳ್ಳದೆ ದಂಡ ಕಟ್ಟಿದರೆ 99. ಪಾಸ್ ಕೊಂಡು ಕಟ್ಟಿದರೆ 59 ಮತ್ತು 45, ಒಟ್ಟು 104. ಅಂದರೆ ಐದು ಡಾಲರ್ ಹೆಚ್ಚಿಗೆ ಕೊಟ್ಟರೆ ಒಂದು ವರ್ಷದ ಪಾಸ್ ನಿಮ್ಮದಾಗುತ್ತದೆ. ಅಂಗಡಿಯಲ್ಲಿ ಅಥವಾ ಆನ್‌ಲೈನ್‌ನಲ್ಲಿ ಕೊಂಡರೆ ಮೇಲೆ ಸ್ವಲ್ಪ ಮಾರಾಟ ಶುಲ್ಕ ಸೇರುತ್ತದೆ. ಸ್ಟೇಟ್ ಪಾರ್ಕಿನ ಕಚೇರಿಗೇ ಹೋಗಿ ಕೊಂಡರೆ ಆ ಶುಲ್ಕವೂ ಇಲ್ಲ. "ತೆಗೆದುಕೊಳ್ಳಬೇಕೇ?" ಎಂಬ ನಿಮ್ಮ ಪ್ರಶ್ನೆಗೆ ಈ ಲೆಕ್ಕವೇ ಉತ್ತರ ಕೊಟ್ಟುಬಿಟ್ಟಿದೆ. ಚೀಟಿಯ ಹಿಂಭಾಗದಲ್ಲಿ ನ್ಯಾಯಾಲಯದ ವಿಳಾಸ, ಉತ್ತರಿಸುವ ಕ್ರಮ ಎಲ್ಲ ಇರುತ್ತದೆ. ಅದರಂತೆಯೇ ನಡೆಯಿರಿ, ಕಳುಹಿಸಿದ ಕಾಗದಗಳ ಪ್ರತಿ ಇಟ್ಟುಕೊಳ್ಳಿ.

ವೀಸಾದ ಗಾಬರಿ ನಮ್ಮವರಲ್ಲಿ ತುಂಬ ಸಾಮಾನ್ಯ. ಪಾರ್ಕಿನ ಗೇಟಿನಲ್ಲಿ ಕೆಲಸ ಮಾಡುತ್ತಿದ್ದ ದಿನಗಳಿಂದಲೂ ಇದನ್ನು ಕೇಳುತ್ತಲೇ ಬಂದಿದ್ದೇನೆ. ಇದು ನಿಯಮ ಉಲ್ಲಂಘನೆಯ ದಂಡ, ಕ್ರಿಮಿನಲ್ ಪ್ರಕರಣವಲ್ಲ. ರಸ್ತೆ ಬದಿಯ ಪಾರ್ಕಿಂಗ್ ದಂಡದ ಜಾತಿಗೆ ಸೇರಿದ್ದು. ನಾನು ವಲಸೆ ಕಾನೂನಿನ ವಕೀಲನಲ್ಲ. ಮುಂದೆ ಯಾವುದಾದರೂ ಅರ್ಜಿಯಲ್ಲಿ ಹಳೆಯ ದಂಡಗಳ ಬಗ್ಗೆ ಕೇಳಿದ್ದರೆ ಹೇಗೆ ಉತ್ತರಿಸಬೇಕೆಂದು ನಿಮ್ಮ ಕಂಪನಿಯ ವಕೀಲರನ್ನೇ ಕೇಳಿ. ನಿಜವಾದ ತೊಂದರೆ ಬರುವುದು ಚೀಟಿಯನ್ನು ಡ್ರಾಯರಿಗೆ ಹಾಕಿ ಮರೆತುಬಿಟ್ಟರೆ. ತಡವಾದಂತೆ ಮೊತ್ತ ಬೆಳೆಯುತ್ತದೆ, ವಸೂಲಿಯವರ ಕೈಗೆ ಹೋಗುತ್ತದೆ. ಕಟ್ಟಿ, ರಸೀದಿ ಇಟ್ಟುಕೊಳ್ಳಿ. ಹೆಂಡತಿಯವರಿಗೂ ಧೈರ್ಯ ಹೇಳಿ.

ಇನ್ನು ಆ ಐದು ಡಾಲರ್. ನಿಮ್ಮ ಸಹೋದ್ಯೋಗಿ ಹೇಳಿದ್ದರಲ್ಲಿ ಅರ್ಧ ನಿಜವಿದೆ. ಕಾರಿನ ನೋಂದಣಿ ನವೀಕರಿಸುವಾಗ ಬಿಲ್ಲಿನಲ್ಲಿ ಸ್ಟೇಟ್ ಪಾರ್ಕುಗಳಿಗೆಂದು 5 ಡಾಲರ್ ಸೇರಿಸಿರುತ್ತಾರೆ. ಅದು ದೇಣಿಗೆ. ಬೇಡವೆಂದರೆ ತೆಗೆಸಬಹುದು, ಸುಮ್ಮನಿದ್ದರೆ ಹೋಗುತ್ತದೆ. ಅದನ್ನು ಕೊಟ್ಟವರಿಗೂ ಕೊಡದವರಿಗೂ ಪಾರ್ಕಿನೊಳಗೆ ಒಂದೇ ನಿಯಮ. ಈ ಗೊಂದಲಕ್ಕೆ ಇತಿಹಾಸವೂ ಕಾರಣ. ಇಲ್ಲಿನ ಸ್ಟೇಟ್ ಪಾರ್ಕ್ ವ್ಯವಸ್ಥೆ 1913ರದು. ಬಹುಕಾಲ ತೆರಿಗೆ ಹಣದಿಂದಲೇ ನಡೆಯಿತು. ನಡುವೆ ಕೆಲವು ವರ್ಷ ಪಾರ್ಕಿಂಗಿಗೆ ಐದು ಡಾಲರ್ ಶುಲ್ಕವಿತ್ತು, ಜನ ಗೊಣಗಿದ್ದರಿಂದ ಕೈಬಿಟ್ಟರು. 2008ರ ಆರ್ಥಿಕ ಕುಸಿತದ ನಂತರ ರಾಜ್ಯದ ಬೊಕ್ಕಸ ಬರಿದಾದಾಗ ಮೊದಲು ಈ ದೇಣಿಗೆ ಬಂತು. ಅದು ಸಾಲದೆ 2011ರ ಜುಲೈಯಿಂದ ಡಿಸ್ಕವರ್ ಪಾಸ್ ಬಂತು. ಆಗ ನಿಗದಿಯಾದ 30 ಡಾಲರ್ 2025ರ ಅಕ್ಟೋಬರ್ 1ರವರೆಗೂ ಹಾಗೆಯೇ ಇತ್ತು. ಈಗ ಒಮ್ಮೆಗೇ 45 ಆಗಿರುವುದು ಕಣ್ಣಿಗೆ ಕುಕ್ಕುತ್ತದೆ, ಒಪ್ಪುತ್ತೇನೆ. ಆದರೆ ಶೌಚಾಲಯ ತೊಳೆಯುವವರ ಸಂಬಳದಿಂದ ಹಿಡಿದು ಬಿದ್ದ ಮರ ತೆರವು ಮಾಡುವವರೆಗೆ ಎಲ್ಲದಕ್ಕೂ ಈ ಹಣವೇ ಆಧಾರ ಎಂಬುದನ್ನು ಒಳಗಿನಿಂದ ನೋಡಿದವನಾಗಿ, ನನಗೆ ಅದು ದುಬಾರಿ ಎನಿಸುವುದಿಲ್ಲ.

ನಿಮ್ಮ ಸ್ನೇಹಿತರ "ಎಲ್ಲ ಕಡೆಯೂ ನಡೆಯುತ್ತದೆ" ಎಂಬ ಮಾತು ಮಾತ್ರ ಪೂರ್ತಿ ತಪ್ಪು. ಅವರು ಹೇಳುವ 80 ಡಾಲರಿನ ರಾಷ್ಟ್ರೀಯ ಪಾಸ್, ಅಂದರೆ ಅಮೆರಿಕ ದ ಬ್ಯೂಟಿಫುಲ್ ಪಾಸ್, ಕೇಂದ್ರ ಸರ್ಕಾರದ ಜಾಗಗಳಿಗೆ ಮಾತ್ರ: ಮೌಂಟ್ ರೇನಿಯರ್ ಮತ್ತು ಒಲಿಂಪಿಕ್ ರಾಷ್ಟ್ರೀಯ ಉದ್ಯಾನಗಳು, ರಾಷ್ಟ್ರೀಯ ಅರಣ್ಯಗಳು. ಅದನ್ನು ತೂಗುಹಾಕಿ ಸ್ಟೇಟ್ ಪಾರ್ಕಿನಲ್ಲಿ ಕಾರು ನಿಲ್ಲಿಸಿದರೆ ಇನ್ನೊಂದು ಚೀಟಿ ಗ್ಯಾರಂಟಿ. ಡಿಸ್ಕವರ್ ಪಾಸ್ ನಡೆಯುವುದು ರಾಜ್ಯದ ಮೂರು ಇಲಾಖೆಗಳ ಜಾಗದಲ್ಲಿ: ಸ್ಟೇಟ್ ಪಾರ್ಕುಗಳು, ನೈಸರ್ಗಿಕ ಸಂಪನ್ಮೂಲ ಇಲಾಖೆಯ ಅಂದರೆ ಡಿಎನ್ಆರ್ ಕಾಡುಗಳು, ಮೀನು ಮತ್ತು ವನ್ಯಜೀವಿ ಇಲಾಖೆಯ ಜಾಗಗಳು. ಮೌಂಟ್ ಸೈ ಡಿಎನ್ಆರ್‌ಗೆ ಸೇರಿದ್ದು. ಅದು "ಪಾರ್ಕ್" ಅಲ್ಲವಲ್ಲ ಎಂದುಕೊಂಡು ದಂಡ ತೆತ್ತವರಲ್ಲಿ ನೀವು ಮೊದಲಿಗರೇನೂ ಅಲ್ಲ.

ಈ ಊರಿನಲ್ಲಿ ಕಾಡು ಕಾಡಿನಂತೆಯೇ ಕಾಣುತ್ತದೆ, ಮಾಲೀಕ ಯಾರೆಂದು ಮರ ಹೇಳುವುದಿಲ್ಲ. ಸಿಯಾಟಲ್‌ನಿಂದ ಪೂರ್ವಕ್ಕೆ ಹೋಗುವ ಐ-90 ಹೆದ್ದಾರಿಯನ್ನೇ ನೋಡಿ. 32ನೇ ನಿರ್ಗಮನದಲ್ಲಿ ಬಲಕ್ಕೆ ತಿರುಗಿದರೆ ರ‍್ಯಾಟಲ್‌ಸ್ನೇಕ್ ಕೆರೆ. ಅದು ಸಿಯಾಟಲ್ ನಗರದ ನೀರು ಸರಬರಾಜಿನವರದು, ಡಿಸ್ಕವರ್ ಪಾಸಿಗೂ ಅದಕ್ಕೂ ಸಂಬಂಧವಿಲ್ಲ. ಆದರೆ ಪಕ್ಕದಲ್ಲೇ ಹಳೆಯ ರೈಲು ದಾರಿಯ ಸೀಡರ್ ಫಾಲ್ಸ್ ಪಾರ್ಕಿಂಗ್ ಇದೆ. ಅದು ಸ್ಟೇಟ್ ಪಾರ್ಕಿನದು, ಅಲ್ಲಿ ಪಾಸ್ ಬೇಕು. ಎರಡರ ನಡುವೆ ನಡೆದರೆ ಕೆಲವೇ ನಿಮಿಷ. 34ರಲ್ಲಿ ಒಲಾಲಿ ಸ್ಟೇಟ್ ಪಾರ್ಕಿನ ಟ್ವಿನ್ ಫಾಲ್ಸ್, ಡಿಎನ್ಆರ್‌ನ ಮೇಲ್‌ಬಾಕ್ಸ್ ಪೀಕ್, ಎರಡಕ್ಕೂ ಡಿಸ್ಕವರ್ ಪಾಸ್. 47ರಲ್ಲಿ ಫ್ರ್ಯಾಂಕ್ಲಿನ್ ಫಾಲ್ಸ್, 52ರಲ್ಲಿ ಸ್ನೋ ಲೇಕ್: ಇವು ರಾಷ್ಟ್ರೀಯ ಅರಣ್ಯ, ಇಲ್ಲಿ ನಾರ್ತ್‌ವೆಸ್ಟ್ ಫಾರೆಸ್ಟ್ ಪಾಸ್ ಅಥವಾ ಆ 80 ಡಾಲರಿನ ಪಾಸ್. ಇನ್ನಷ್ಟು ಮುಂದೆ ಹಯಾಕ್, ಮತ್ತೆ ಸ್ಟೇಟ್ ಪಾರ್ಕ್. ಅಲ್ಲಿಯೂ ಚಳಿಗಾಲದಲ್ಲಿ ಹಿಮದ ಆಟಕ್ಕೆ ಹೋದರೆ ಸ್ನೋ-ಪಾರ್ಕ್ ಪರವಾನಗಿ ಬೇರೆ ಬೇಕು. ಬಂದ ನೆಂಟರನ್ನೆಲ್ಲ ನಾವು ಕರೆದೊಯ್ಯುವ ಸ್ನೋಕ್ವಾಲ್ಮಿ ಜಲಪಾತ ಯಾವ ಸರ್ಕಾರದ್ದೂ ಅಲ್ಲ, ಪುಗೆಟ್ ಸೌಂಡ್ ಎನರ್ಜಿ ಎಂಬ ವಿದ್ಯುತ್ ಕಂಪನಿಯದು.

ಆದ್ದರಿಂದ ಹೊರಡುವ ಮುನ್ನ ಜಾಗದ ಹೆಸರಿಗಿಂತ ಮೊದಲು ಪಾರ್ಕಿಂಗ್ ಯಾರದು ಎಂದು ನೋಡಿ. ಅಲ್ಲಿಗೆ ತಲುಪಿದ ಮೇಲೆ ಫಲಕ ಓದಿ. ಬೆಟ್ಟದಲ್ಲಿ ಮೊಬೈಲ್ ಸಿಗ್ನಲ್ ಸಿಗದೆ ಆನ್‌ಲೈನ್‌ನಲ್ಲಿ ಪಾಸ್ ಕೊಳ್ಳಲಾಗದೆ ಪರದಾಡುವವರನ್ನು ಪ್ರತಿ ಬೇಸಿಗೆಯಲ್ಲೂ ನೋಡುತ್ತೇನೆ. ಇನ್ನೊಂದು ಮಾತು: ಡಿಸ್ಕವರ್ ಪಾಸ್ ಇರುವುದು ವಾಹನಕ್ಕೆ, ಮನುಷ್ಯರಿಗಲ್ಲ. ನಡೆದೋ ಸೈಕಲ್ಲಿನಲ್ಲೋ ಬಸ್ಸಿನಲ್ಲೋ ಬಂದವರನ್ನು ಯಾರೂ ಪಾಸ್ ಕೇಳುವುದಿಲ್ಲ. ಕಾರಿನೊಳಗೆ ಇಬ್ಬರಿದ್ದರೂ ಏಳು ಜನರಿದ್ದರೂ ಒಂದೇ ಪಾಸ್.

ನಿಮ್ಮಂತೆ ದಂಡದ ಚೀಟಿ ಬರದೆ, ಬರೀ ಯೋಚಿಸುತ್ತಿರುವ ಓದುಗರಿಗೆ ಬೇರೆ ದಾರಿಗಳೂ ಇವೆ. ಒಂದು ದಿನದ ಪಾಸ್ 10 ಡಾಲರ್, ಶುಲ್ಕ ಸೇರಿದರೆ 11 ಡಾಲರ್ 50 ಸೆಂಟ್. ವರ್ಷಕ್ಕೆ ಮೂರು ಬಾರಿ ಹೋಗುವವರಿಗೆ ಅದೇ ಲೇಸು. ಐದನೆಯ ಬಾರಿಗೆ ವಾರ್ಷಿಕ ಪಾಸ್ ಗೆಲ್ಲುತ್ತದೆ. ವಾರ್ಷಿಕ ಪಾಸ್ ಜನವರಿಯಿಂದ ಡಿಸೆಂಬರ್ ಎಂದೇನಿಲ್ಲ, ಆರಂಭದ ದಿನದಿಂದ ಪೂರ್ತಿ ಒಂದು ವರ್ಷ ನಡೆಯುತ್ತದೆ. ರಾಜ್ಯದ ಹಲವು ಸಾರ್ವಜನಿಕ ಗ್ರಂಥಾಲಯಗಳು ಡಿಸ್ಕವರ್ ಪಾಸನ್ನು ಪುಸ್ತಕದಂತೆ ಎರವಲು ಕೊಡುತ್ತವೆ. ಕೆಲವೆಡೆ ದುರ್ಬೀನು, ಹಕ್ಕಿ ಗುರುತಿಸುವ ಕೈಪಿಡಿ ಇರುವ ಬೆನ್ನುಚೀಲವೂ ಸಿಗುತ್ತದೆ. ಮಕ್ಕಳಿರುವ ಮನೆಗೆ ಇದು ಸೊಗಸು, ಆದರೆ ಬೇಸಿಗೆಯಲ್ಲಿ ಸರತಿ ಉದ್ದ. ನಿಮಗೆ ಬೇಕಾದ ಶನಿವಾರವೇ ಸಿಗುತ್ತದೆಂದು ನಂಬಿ ಕೂರಬೇಡಿ. ಸ್ಟೇಟ್ ಪಾರ್ಕುಗಳು ವರ್ಷದಲ್ಲಿ ಕೆಲವು ದಿನ ಪಾಸ್ ಕೇಳುವುದಿಲ್ಲ. ಆ ದಿನಗಳ ಪಟ್ಟಿ ವರ್ಷದ ಆರಂಭದಲ್ಲೇ ಬರುತ್ತದೆ. ಅಂದು ಎರಡು ಎಚ್ಚರ ಬೇಕು. ವಿನಾಯಿತಿ ಮುಖ್ಯವಾಗಿ ಸ್ಟೇಟ್ ಪಾರ್ಕುಗಳಿಗೆ, ಡಿಎನ್ಆರ್ ಜಾಗಕ್ಕೂ ಇದೆಯೇ ಎಂದು ಪ್ರತ್ಯೇಕವಾಗಿ ನೋಡಬೇಕು. ಮತ್ತೆ, ಅಂದು ಊರಿಗೆ ಊರೇ ಅಲ್ಲಿರುತ್ತದೆ. ಮೊಣಕಾಲು ನೋವಿನ ಹಿರಿಯರನ್ನು ಕರೆದುಕೊಂಡು ಪಾರ್ಕಿಂಗಿಗಾಗಿ ಸುತ್ತುವುದು ಹತ್ತು ಡಾಲರ್ ಉಳಿಸುವ ದಾರಿಯಲ್ಲ. ಸ್ಟೇಟ್ ಪಾರ್ಕಿನಲ್ಲಿ ಡೇರೆ ಹಾಕಿ ರಾತ್ರಿ ಉಳಿದರೆ ಆ ಪಾರ್ಕಿನ ಮಟ್ಟಿಗೆ ಪಾಸ್ ಬೇಡ. ಕಿಂಗ್ ಕೌಂಟಿಯ ಪಾರ್ಕುಗಳು, ಉದಾಹರಣೆಗೆ ಇಸಾಕ್ವಾ ಬಳಿಯ ಕೂಗರ್ ಮೌಂಟನ್, ಪಾಸ್ ಇಲ್ಲದೆಯೇ ತೆರೆದಿವೆ.

ಹಿರಿಯ ನಾಗರಿಕರ ರಿಯಾಯಿತಿ ಅಪ್ಪ ಅಮ್ಮನಿಗೆ ಸಿಗುವುದೇ ಎಂದು ಮುಂದಿನ ಪತ್ರದಲ್ಲಿ ಕೇಳುತ್ತೀರಿ ಎಂದು ಗೊತ್ತು. ಸಿಗುವುದಿಲ್ಲ. ರಾಜ್ಯದ ರಿಯಾಯಿತಿ ಪಾಸುಗಳು ವಾಷಿಂಗ್ಟನ್ ನಿವಾಸಿಗಳಿಗೆ. ರಾಷ್ಟ್ರೀಯ ಹಿರಿಯರ ಪಾಸ್ ಅಮೆರಿಕದ ಪ್ರಜೆಗಳಿಗೆ ಮತ್ತು ಗ್ರೀನ್ ಕಾರ್ಡ್ ಇರುವವರಿಗೆ. ಪ್ರವಾಸಿ ವೀಸಾದಲ್ಲಿ ಬಂದವರು ಎರಡರಲ್ಲೂ ಇಲ್ಲ. ಅವರೊಂದಿಗೆ ಯೆಲ್ಲೊಸ್ಟೋನ್ ಅಥವಾ ಗ್ರ್ಯಾಂಡ್ ಕ್ಯಾನ್ಯನ್ ಕಡೆ ಹೋಗುವ ಯೋಚನೆ ಇದ್ದರೆ ಇನ್ನೊಂದು ವಿಷಯ ತಿಳಿದಿರಲಿ: 2026ರಿಂದ ಹೆಚ್ಚು ಜನ ಬರುವ 11 ರಾಷ್ಟ್ರೀಯ ಉದ್ಯಾನಗಳಲ್ಲಿ ಹೊರದೇಶದ ಪ್ರವಾಸಿಗರಿಗೆ ತಲಾ 100 ಡಾಲರ್ ಹೆಚ್ಚುವರಿ ಶುಲ್ಕ ಬಂದಿದೆ. ನಮ್ಮ ರೇನಿಯರ್, ಒಲಿಂಪಿಕ್ ಆ ಪಟ್ಟಿಯಲ್ಲಿಲ್ಲ. ಈ ಬೇಸಿಗೆ ಅವೆರಡಕ್ಕೆ ಒಂದೊಂದು ಬಾರಿ ಹೋಗುವುದಾದರೆ ಗೇಟಿನಲ್ಲೇ ಕಾರಿಗೆ ಕಟ್ಟಿಬಿಡಿ. ಮೂರನೆಯ ಬಾರಿ ಹೋಗುವುದು ಖಚಿತವಾದರೆ ಆಗ ರಾಷ್ಟ್ರೀಯ ಪಾಸಿನ ಮಾತು.

ಪಾಸ್ ಕೈಗೆ ಬಂದ ಮೇಲೆ ಜನ ಎಡವುವುದು ನಂಬರ್ ಬರೆಯುವಲ್ಲಿ. ವಾರ್ಷಿಕ ಪಾಸಿನ ಮೇಲೆ ಎರಡು ಕಾರುಗಳ ನಂಬರ್ ಬರೆಯಲು ಜಾಗವಿದೆ. ಬರೆಯದೆ ತೂಗುಹಾಕಿದ ಪಾಸ್ ಪಾಸಲ್ಲ. ಎರಡು ಕಾರಿಗೆ ಹಂಚಿಕೊಳ್ಳಬಹುದು, ಆದರೆ ಒಂದೇ ದಿನ ಎರಡನ್ನೂ ಪಾರ್ಕಿನಲ್ಲಿ ನಿಲ್ಲಿಸುವುದಾದರೆ ಎರಡು ಪಾಸ್ ಬೇಕು. ಅಪ್ಪ ಅಮ್ಮ ಬಂದ ಮೇಲೆ ನಿಮ್ಮ ಮನೆಯಲ್ಲಿ ಐದು ಜನ. ಮಗಳ ಬೂಸ್ಟರ್ ಸೀಟಿನ ಅಕ್ಕಪಕ್ಕ ಅಜ್ಜ ಅಜ್ಜಿ ಎರಡು ಗಂಟೆ ಕೂರುವುದು ಕಷ್ಟ. ದೂರದ ಪ್ರಯಾಣಕ್ಕೆ ನೀವು ವ್ಯಾನ್ ಬಾಡಿಗೆಗೆ ತೆಗೆದುಕೊಂಡರೆ ಆಶ್ಚರ್ಯವಿಲ್ಲ. ಹಾಗಾಗಿ ಈಗ ಒಂದೇ ಕಾರಿನ ನಂಬರ್ ಬರೆದು, ಎರಡನೆಯ ಜಾಗವನ್ನು ಆ ವ್ಯಾನಿಗೆ ಖಾಲಿ ಬಿಡಿ. ಎರಡನೆಯ ಕಾರಿಗೆ ಪಾಸ್ ಬೇಕೇಬೇಕು ಎನ್ನುವ ದಿನ ಬಂದರೆ ಹತ್ತು ಡಾಲರಿನ ದಿನದ ಪಾಸ್ ಇದ್ದೇ ಇದೆ.

ಎಲ್ಲಿಗೆ ಹೋಗಬೇಕು ಎಂಬುದು ನನಗೆ ಹೆಚ್ಚು ಇಷ್ಟವಾದ ಭಾಗ. ಅಪ್ಪ ಅಮ್ಮ ಬಂದ ಮೊದಲ ವಾರ ನಿದ್ದೆ ಹಗಲಿಗೂ ರಾತ್ರಿಗೂ ತಿರುಗುಮುರುಗಾಗಿರುತ್ತದೆ, ದೂರ ಬೇಡ. ನಿಮ್ಮ ಮನೆಯ ಪಕ್ಕದ ಕೆನ್‌ಮೋರ್‌ನಲ್ಲೇ ಸೇಂಟ್ ಎಡ್ವರ್ಡ್ ಸ್ಟೇಟ್ ಪಾರ್ಕ್ ಇದೆ. ಒಂದು ಕಾಲದಲ್ಲಿ ಪಾದ್ರಿಗಳ ಶಾಲೆಯಾಗಿದ್ದ ದೊಡ್ಡ ಇಟ್ಟಿಗೆ ಕಟ್ಟಡ, ಸುತ್ತ ಹುಲ್ಲುಹಾಸು, ಮಕ್ಕಳ ಆಟದ ಜಾಗ. ಸಂಜೆ ಫ್ಲಾಸ್ಕಿನಲ್ಲಿ ಕಾಫಿ ತುಂಬಿಕೊಂಡು ಹೋಗಿ, ಅಪ್ಪ ಮೇಲಿನ ಬಯಲಿನಲ್ಲೇ ನಡೆಯಲಿ. ಕೆಳಗೆ ಲೇಕ್ ವಾಷಿಂಗ್ಟನ್ ದಡಕ್ಕೆ ಇಳಿಯುವ ದಾರಿಗಳು ಚೆಂದ, ಆದರೆ ಇಳಿದದ್ದನ್ನು ಹತ್ತಬೇಕು. ಮೊಣಕಾಲಿಗೆ ಇಳಿಜಾರೇ ಹೆಚ್ಚು ಕಷ್ಟ ಎಂಬುದು ಹಿರಿಯರನ್ನು ನಡೆಸಿ ನಾನು ಕಲಿತ ಪಾಠ. ಇಸಾಕ್ವಾದ ಲೇಕ್ ಸಮಾಮಿಶ್ ಪಾರ್ಕ್ ಸಮತಟ್ಟು, ನೆರಳಿದೆ, ಮಗಳಿಗೆ ಮರಳಿನ ದಡವಿದೆ. ಬಿಸಿಲಿನ ಭಾನುವಾರ ಮಧ್ಯಾಹ್ನ ಮಾತ್ರ ಅತ್ತ ಸುಳಿಯಬೇಡಿ.

ಒಂದೇ ಒಂದು ದೂರದ ಪಾರ್ಕಿಗೆ ಹೋಗಲು ಸಮಯವಿದ್ದರೆ ಡಿಸೆಪ್ಶನ್ ಪಾಸ್‌ಗೆ ಹೋಗಿ. ನಿಮ್ಮಿಂದ ಒಂದೂಕಾಲು ಗಂಟೆ, ದಾರಿ ದಟ್ಟಣೆ ಇಲ್ಲದಿದ್ದರೆ. ಎರಡು ದ್ವೀಪಗಳ ನಡುವೆ 1935ರಲ್ಲಿ ಕಟ್ಟಿದ ಸೇತುವೆ, ಸುಮಾರು 180 ಅಡಿ ಕೆಳಗೆ ಹಸಿರು ನೀರು ಭರತ ಇಳಿತಕ್ಕೆ ತಕ್ಕಂತೆ ಒಮ್ಮೆ ಆ ಕಡೆ, ಒಮ್ಮೆ ಈ ಕಡೆ ನದಿಯಂತೆ ನುಗ್ಗುತ್ತದೆ. ಸೇತುವೆಯ ಮೇಲಿನ ಕಾಲುದಾರಿ ಕಿರಿದು, ಪಕ್ಕದಲ್ಲೇ ಲಾರಿಗಳು ಹಾಯುತ್ತವೆ. ಮಗಳ ಕೈ ಬಿಡಬೇಡಿ, ಎತ್ತರಕ್ಕೆ ಹೆದರುವ ಅಮ್ಮನನ್ನು ಒತ್ತಾಯಿಸಬೇಡಿ. ಅಪ್ಪನಿಗೆ ವೆಸ್ಟ್ ಬೀಚ್ ಬಳಿ ಮರಳು ದಿಬ್ಬಗಳ ನಡುವೆ ಹಾದುಹೋಗುವ ಚಿಕ್ಕ ದಾರಿ ಇದೆ. ಗಾಲಿಕುರ್ಚಿಯೂ ಹೋಗುವಂತೆ ಕಟ್ಟಿದ್ದು. ಮಗಳಿಗೆ ರೊಸಾರಿಯೊ ಬೀಚ್: ಇಳಿತದ ಹೊತ್ತಿಗೆ ಬಂಡೆಗಳ ನಡುವಿನ ಗುಂಡಿಗಳಲ್ಲಿ ನಕ್ಷತ್ರಮೀನು, ಸಣ್ಣ ಏಡಿಗಳು. ಇಳಿತದ ವೇಳೆ ಮೊದಲೇ ನೋಡಿಕೊಂಡು ಹೋಗಿ, ಇಲ್ಲದಿದ್ದರೆ ಬರೀ ಅಲೆ ನೋಡಿ ಬರಬೇಕಾಗುತ್ತದೆ. ಅಲ್ಲೇ ಸಮಿಶ್ ಮೂಲನಿವಾಸಿಗಳ ಕೊ-ಕ್ವಾಲ್-ಅಲ್ವೂಟ್ ಎಂಬ ಕನ್ಯೆಯ ಕಥೆ ಹೇಳುವ ಮರದ ಕಂಬವಿದೆ. ತನ್ನ ಜನರ ಹಸಿವು ನೀಗಲೆಂದು ಸಮುದ್ರವನ್ನು ಸೇರಿದವಳು. ನಮ್ಮ ಕೆರೆಗೆ ಹಾರದ ಕಥೆಗಳನ್ನು ಕೇಳಿ ಬೆಳೆದ ಅಜ್ಜಿಯರು ಆ ಕಂಬದ ಮುಂದೆ ಬಹಳ ಹೊತ್ತು ನಿಲ್ಲುವುದನ್ನು ನೋಡಿದ್ದೇನೆ.

ಹಯಾಕ್‌ನಿಂದ ಶುರುವಾಗುವ ಹಳೆಯ ರೈಲು ಸುರಂಗವನ್ನೂ ಬಿಡಬೇಡಿ. ಪ್ಯಾಲೂಸ್ ಟು ಕ್ಯಾಸ್ಕೇಡ್ಸ್ ದಾರಿಯ ಭಾಗವದು, ಎರಡು ಮೈಲಿಗಿಂತ ಉದ್ದ, ಪೂರ್ತಿ ಸಮತಟ್ಟು, ಒಳಗೆ ಕಗ್ಗತ್ತಲು. ಆಗಸ್ಟ್‌ನಲ್ಲೂ ಸ್ವೆಟರ್ ಬೇಕು, ಒಬ್ಬೊಬ್ಬರಿಗೂ ಟಾರ್ಚ್ ಬೇಕು. ಅಪ್ಪ ಪೂರ್ತಿ ಹೋಗಬೇಕಾಗಿಲ್ಲ. ಹಿಂದೆ ಬಾಯಿಯ ಬೆಳಕು ನಾಣ್ಯದಷ್ಟಾದಾಗ ತಿರುಗಿ ಬಂದರೂ ಸಾಕು. ಚಳಿಗಾಲದಲ್ಲಿ ಸುರಂಗ ಮುಚ್ಚಿರುತ್ತದೆ.

ಶಿವಮೊಗ್ಗದವರಿಗೆ ಡ್ರೈ ಫಾಲ್ಸ್ ತೋರಿಸದೆ ಕಳುಹಿಸಬೇಡಿ ಎಂಬುದು ನನ್ನ ಹಟ. ಸುಮಾರು ಮೂರು ಗಂಟೆಯ ದಾರಿ, ರಾಜ್ಯದ ಒಣ ಭಾಗ. ಲಿಂಗನಮಕ್ಕಿಯಲ್ಲಿ ನೀರು ಕಟ್ಟಿದ ಮೇಲೆ ಬೇಸಿಗೆಯಲ್ಲಿ ಬರೀ ಬಂಡೆಯಾಗಿ ನಿಲ್ಲುವ ಜೋಗವನ್ನು ಕಂಡವರಿಗೆ ನೀರಿಲ್ಲದ ಜಲಪಾತ ಹೊಸದಲ್ಲ. ಆದರೆ ಇದು ಮೂರೂವರೆ ಮೈಲಿ ಅಗಲ, 400 ಅಡಿ ಎತ್ತರ. ಹಿಮಯುಗದ ಕೊನೆಯಲ್ಲಿ ಐಡಾಹೊದ ಹಿಮದ ಅಣೆಕಟ್ಟು ಒಡೆದು ನುಗ್ಗಿದ ಪ್ರವಾಹಗಳು ಕೊರೆದದ್ದು. ಕಾರು ನಿಲ್ಲಿಸಿದ ಜಾಗದಿಂದಲೇ ಕಾಣುತ್ತದೆ, ಮೊಣಕಾಲಿಗೆ ಕೆಲಸವೇ ಇಲ್ಲ. ಜುಲೈ ಬಿಸಿಲು ಮಾತ್ರ ಬಳ್ಳಾರಿಯನ್ನು ನೆನಪಿಸುತ್ತದೆ, ಬೆಳಿಗ್ಗೆಯೇ ತಲುಪಿ.

ಕೊನೆಗೆ, ಪಾಸ್ ಕಾಯದ ಕೆಲವು ಅಪಾಯಗಳು. ಹೆಚ್ಚಿನ ಸ್ಟೇಟ್ ಪಾರ್ಕುಗಳ ದಡದಲ್ಲಿ ಜೀವರಕ್ಷಕರು ಇರುವುದಿಲ್ಲ. ಬೆಟ್ಟದ ಹಿಮ ಕರಗಿ ಬರುವ ನೀರು, ಬಿಸಿಲು ಎಷ್ಟೇ ಇರಲಿ, ಮೈ ಮರಗಟ್ಟಿಸುವಷ್ಟು ತಣ್ಣಗಿರುತ್ತದೆ. ತುಂಗೆಯಲ್ಲಿ ಈಜಿದ ಅನುಭವ ಇಲ್ಲಿ ಕೈಕೊಡಬಹುದು. ಹಲವು ಪಾರ್ಕುಗಳಲ್ಲಿ ಲೈಫ್ ಜಾಕೆಟ್‌ಗಳನ್ನು ಉಚಿತವಾಗಿ ಎರವಲು ಕೊಡುತ್ತಾರೆ, ಮಗಳಿಗೆ ಹಾಕಿಸಿ. ಏಡಿ, ಕಪ್ಪೆಚಿಪ್ಪು ಹಿಡಿಯಲು ಡಿಸ್ಕವರ್ ಪಾಸ್ ಸಾಲದು, ಅದಕ್ಕೆ ಪರವಾನಗಿ ಬೇರೆ. ಚಿತ್ರಾನ್ನದ ಡಬ್ಬಿಯನ್ನು ಮೇಜಿನ ಮೇಲೆ ಬಿಟ್ಟು ದಡಕ್ಕೆ ಹೋದರೆ ಕಾಗೆಗಳು ಮುಚ್ಚಳ ತೆಗೆಯಬಲ್ಲವು. ಚಾರಣದ ದಾರಿ ಶುರುವಾಗುವ ಪಾರ್ಕಿಂಗುಗಳಲ್ಲಿ ಗಾಜು ಒಡೆದು ಕದಿಯುವುದು ಇಲ್ಲಿ ನಡೆದೇ ಇದೆ. ಅಪ್ಪ ಅಮ್ಮನ ಪಾಸ್‌ಪೋರ್ಟುಗಳನ್ನು "ಯಾವುದಕ್ಕೂ ಇರಲಿ" ಎಂದು ಕಾರಿನಲ್ಲಿ ಇಡಬೇಡಿ. ಅವುಗಳ ಫೋಟೊ ಮೊಬೈಲಿನಲ್ಲಿದ್ದರೆ ಸಾಕು, ಮೂಲ ಮನೆಯಲ್ಲೇ ಇರಲಿ.